ಕೆನಡಿ ಮೇಜಿನ ಮೇಲೆ ಕೆಂಪು ಫೋನ್ ಇತ್ತೆ?

ಪ್ರಶ್ನೆ: ಶೀತಲ ಸಮರದ ಕಥೆಯಿರುವ ಇಂಗ್ಲಿಷ್ ಸಿನಿಮಾಗಳಲ್ಲಿ ಅಮೆರಿಕದ ಅಧ್ಯಕ್ಷರು ಕೆಂಪು ಫೋನ್ ಎತ್ತಿ ನೇರವಾಗಿ ಮಾಸ್ಕೊದ ನಾಯಕರ ಜೊತೆ ಮಾತಾಡುತ್ತಾರೆ. ಅಂಥ ಫೋನ್ ನಿಜಕ್ಕೂ ಇತ್ತೆ? ಇದ್ದರೆ ಅದರಿಂದ ಯಾವತ್ತಾದರೂ ಯುದ್ಧ ತಪ್ಪಿದ್ದುಂಟೆ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಇರಲಿಲ್ಲ. ಕೆಂಪೂ ಇರಲಿಲ್ಲ, ಫೋನೂ ಇರಲಿಲ್ಲ, ಅಧ್ಯಕ್ಷರ ಮೇಜಿನ ಮೇಲಂತೂ ಇರಲೇ ಇಲ್ಲ. ಇದ್ದದ್ದು ಅಮೆರಿಕದ ಸೇನಾ ಕೇಂದ್ರ ಕಚೇರಿಯಾದ ಪೆಂಟಗನ್‌ನಲ್ಲಿ ಸಾಲಾಗಿ ಇಟ್ಟಿದ್ದ ಟೆಲಿಪ್ರಿಂಟರ್‌ಗಳು. ಹಿಂದೆ ನಮ್ಮ ಪತ್ರಿಕಾ ಕಚೇರಿಗಳಲ್ಲಿ ಹಗಲೂ ರಾತ್ರಿ ಕಟಕಟ ಸದ್ದು ಮಾಡುತ್ತ ಪಿಟಿಐ ಸುದ್ದಿ ಉಗುಳುತ್ತಿದ್ದವಲ್ಲ, ಹೆಚ್ಚುಕಡಿಮೆ ಅದೇ ಜಾತಿಯವು. ಅವುಗಳಲ್ಲಿ ಮಾತಾಡಲು ಬರುತ್ತಿರಲಿಲ್ಲ, ಬರೆಯಬಹುದಿತ್ತು ಅಷ್ಟೆ. ಬೇಕೆಂದೇ ಹಾಗೆ ಮಾಡಿದ್ದರು. ಯಾಕೆ ಎಂಬುದನ್ನು ತಿಳಿಯಲು 1962ರ ಅಕ್ಟೋಬರ್‌ಗೆ ಹೋಗಬೇಕು.

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಗುಟ್ಟಾಗಿ ಅಣ್ವಸ್ತ್ರ ಕ್ಷಿಪಣಿಗಳನ್ನು ನಿಲ್ಲಿಸುತ್ತಿದೆ ಎಂಬುದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ತೆಗೆದ ಚಿತ್ರಗಳಿಂದ ಗೊತ್ತಾಯಿತು. ಅಕ್ಟೋಬರ್ 16ರಂದು ವಿಷಯ ಅಧ್ಯಕ್ಷ ಕೆನಡಿಯವರ ಕಿವಿಗೆ ಬಿತ್ತು. 22ರಂದು ಅವರು ಟಿವಿಯಲ್ಲಿ ಅದನ್ನು ಜಗತ್ತಿಗೆ ಹೇಳಿ, ಕ್ಯೂಬಾದ ಸುತ್ತ ನೌಕಾ ದಿಗ್ಬಂಧನ ಘೋಷಿಸಿದರು. ಆಗ ಅಮೆರಿಕದ ಬಳಿ 25 ಸಾವಿರಕ್ಕೂ ಹೆಚ್ಚು ಅಣು ಸಿಡಿತಲೆಗಳಿದ್ದವು, ಸೋವಿಯತ್ ಬಳಿ 3 ಸಾವಿರದ ಆಸುಪಾಸು. ಲೆಕ್ಕದಲ್ಲಿ ಅಜಗಜಾಂತರವಿದ್ದರೂ ಇಬ್ಬರೂ ಬೂದಿಯಾಗಲು ಚಿಕ್ಕ ರಾಶಿಯೇ ಧಾರಾಳವಾಗಿ ಸಾಕಿತ್ತು. (ಅದೇ ಅಕ್ಟೋಬರ್ 20ರಂದು ಚೀನಾ ನಮ್ಮ ಮೇಲೆ ದಾಳಿ ಮಾಡಿತ್ತು. ನಮ್ಮ ದೇಶದ ಹಿರಿಯರ ನೆನಪಿನಲ್ಲಿ ಆ ತಿಂಗಳು ಲಡಾಖ್ ಮತ್ತು ಇಂದಿನ ಅರುಣಾಚಲವಾದ ನೇಫಾದ ತಿಂಗಳಾಗಿಯೇ ಉಳಿದಿದೆ. ಪ್ರಪಂಚದ ಇನ್ನೊಂದು ತುದಿಯಲ್ಲಿ ಏನಾಗುತ್ತಿದೆ ಎಂದು ನೋಡುವ ವ್ಯವಧಾನ ಆಗ ಯಾರಿಗಿತ್ತು?)

ಖಂಡಾಂತರ ಕ್ಷಿಪಣಿಯೊಂದು ಒಂದು ದೇಶದಿಂದ ಇನ್ನೊಂದಕ್ಕೆ ಹಾರಲು ಸುಮಾರು 30 ನಿಮಿಷ ಸಾಕು. ಅಕ್ಟೋಬರ್ 26ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕೆನಡಿಗೆ ಬರೆದ ರಾಜಿಯ ಪತ್ರ ವಾಷಿಂಗ್ಟನ್ನಿಗೆ ಪೂರ್ತಿಯಾಗಿ ತಲುಪಲು ಹಿಡಿದದ್ದು ಸುಮಾರು 12 ಗಂಟೆ. ಮಾಸ್ಕೊದಲ್ಲಿದ್ದ ಅಮೆರಿಕದ ರಾಯಭಾರ ಕಚೇರಿ ಅದನ್ನು ಪಡೆದುಕೊಂಡು, ಅನುವಾದಿಸಿ, ಗೂಢಲಿಪಿಗೆ ಇಳಿಸಿ, ತುಂಡು ತುಂಡಾಗಿ ತಂತಿಯಲ್ಲಿ ಕಳಿಸಬೇಕಿತ್ತು. ಅದಕ್ಕೆ ಉತ್ತರ ಬರೆಯುವ ಮೊದಲೇ, 27ರ ಬೆಳಿಗ್ಗೆ, ಕ್ರುಶ್ಚೇವರ ಎರಡನೇ ಪತ್ರವನ್ನು ಮಾಸ್ಕೊ ರೇಡಿಯೊ ಜಗತ್ತಿಗೆಲ್ಲ ಕೇಳುವಂತೆ ಓದಿಬಿಟ್ಟಿತು. ಟರ್ಕಿಯಲ್ಲಿ ಅಮೆರಿಕ ಇಟ್ಟಿದ್ದ ಜುಪಿಟರ್ ಕ್ಷಿಪಣಿಗಳನ್ನೂ ತೆಗೆಯಬೇಕು ಎಂಬ ಹೊಸ ಷರತ್ತು ಅದರಲ್ಲಿತ್ತು. ಯಾವುದನ್ನು ನಂಬುವುದು? ಮಾಸ್ಕೊದಲ್ಲಿ ಅಧಿಕಾರ ಬೇರೆಯವರ ಕೈಗೆ ಹೋಗಿದೆಯೇ ಎಂಬ ಅನುಮಾನ ಕೂಡ ಶ್ವೇತಭವನದಲ್ಲಿ ಎದ್ದಿತು. ಅದೇ ದಿನ ಕ್ಯೂಬಾದ ಮೇಲೆ ಯು-2 ವಿಮಾನವೊಂದನ್ನು ಹೊಡೆದುರುಳಿಸಲಾಯಿತು. ಪೈಲಟ್ ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತರು.

ಸೋವಿಯತ್ ಕಡೆಯ ಅವಸ್ಥೆ ಇನ್ನೂ ವಿಚಿತ್ರ. ವಾಷಿಂಗ್ಟನ್ನಿನಲ್ಲಿ ಅವರ ರಾಯಭಾರಿಯಾಗಿದ್ದ ಅನಟೋಲಿ ಡೊಬ್ರಿನಿನ್ ತಮ್ಮ ಆತ್ಮಕಥನದಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ರಾಯಭಾರ ಕಚೇರಿಯಿಂದ ಮಾಸ್ಕೊಗೆ ಸ್ವಂತ ತಂತಿಯೇ ಇರಲಿಲ್ಲ. ವರದಿಯನ್ನು ಗೂಢಲಿಪಿಯಲ್ಲಿ ಬರೆದು, ವೆಸ್ಟರ್ನ್ ಯೂನಿಯನ್ ಎಂಬ ಖಾಸಗಿ ತಂತಿ ಕಂಪನಿಗೆ ಫೋನ್ ಮಾಡಿದರೆ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಬಂದು ಅದನ್ನು ಒಯ್ಯುತ್ತಿದ್ದನಂತೆ. ದಾರಿಯಲ್ಲಿ ಯಾವಳಾದರೂ ಹುಡುಗಿ ಸಿಕ್ಕಿ ಇವನು ಹರಟುತ್ತ ನಿಂತುಬಿಡದಿರಲಿ ಎಂದು ದೇವರಲ್ಲಿ ಬೇಡುವುದಷ್ಟೇ ತಮ್ಮ ಕೈಲಿತ್ತು ಎಂದು ಡೊಬ್ರಿನಿನ್ ಬರೆಯುತ್ತಾರೆ. 27ರ ಸಂಜೆ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಇದೇ ಡೊಬ್ರಿನಿನ್‌ರನ್ನು ಕರೆಸಿಕೊಂಡು, ಟರ್ಕಿಯ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆಯುತ್ತೇವೆ, ಆದರೆ ಅದನ್ನು ಬಹಿರಂಗಪಡಿಸಬೇಡಿ ಎಂದು ತಿಳಿಸಿದ್ದು. ಮರುದಿನ ಕ್ರುಶ್ಚೇವ್ ಕ್ಷಿಪಣಿ ವಾಪಸು ತೆಗೆಯಲು ಒಪ್ಪಿದಾಗ ಪತ್ರ ಕಳಿಸಿ ಕಾಯುವ ಗೊಡವೆಗೇ ಹೋಗಲಿಲ್ಲ. ಒಪ್ಪಿಗೆಯನ್ನು ನೇರವಾಗಿ ಮಾಸ್ಕೊ ರೇಡಿಯೊದಲ್ಲಿ ಓದಿಸಿದರು. ಇದ್ದದ್ದರಲ್ಲಿ ಅದೇ ಬೇಗದ ದಾರಿ!

ಇಬ್ಬರಿಗೂ ಬುದ್ಧಿ ಬಂದದ್ದು ಆಮೇಲೆ. ನೇರ ಸಂಪರ್ಕದ ಸಲಹೆ ಅದಕ್ಕೂ ಹಿಂದಿನದು. 1960ರಲ್ಲೇ ‘ಪರೇಡ್’ ಎಂಬ ಅಮೆರಿಕದ ವಾರಪತ್ರಿಕೆಯ ಸಂಪಾದಕ ಜೆಸ್ ಗಾರ್ಕಿನ್ ಎರಡೂ ದೇಶಗಳ ನಾಯಕರಿಗೆ ಬಹಿರಂಗ ಪತ್ರ ಬರೆದು ಇದನ್ನು ಕೇಳಿದ್ದರು. ಪತ್ರಿಕೆಯವರ ಮಾತನ್ನು ದೊರೆಗಳು ಕೇಳುವುದು ಅಪರೂಪ, ಕೇಳಿದರೂ ಮೂರು ವರ್ಷ ತಡವಾಗಿ. 1963ರ ಜೂನ್ 20ರಂದು ಜಿನೀವಾದಲ್ಲಿ ಒಪ್ಪಂದವಾಯಿತು. ಆಗಸ್ಟ್ 30ರಿಂದ ಸಂಪರ್ಕ ಕೆಲಸ ಆರಂಭಿಸಿತು.

ಈಗ ನಿಮ್ಮ ಫೋನಿನ ವಿಷಯಕ್ಕೆ ಬರೋಣ. ಧ್ವನಿ ಬೇಡ, ಬರವಣಿಗೆ ಸಾಕು ಎಂದು ಎರಡೂ ಕಡೆಯವರು ತೀರ್ಮಾನಿಸಿದರು. ಇಬ್ಬರು ನಾಯಕರಿಗೂ ಸಮಾನವಾದ ಭಾಷೆಯಿಲ್ಲ. ನಡುವೆ ಕೂತ ದುಭಾಷಿ ಅವಸರದಲ್ಲಿ ಒಂದು ಮಾತು ತಪ್ಪಿದರೆ, ಧ್ವನಿಯಲ್ಲಿನ ಕೋಪವನ್ನು ಬೆದರಿಕೆಯೆಂದು ತಿಳಿದರೆ ಏನು ಗತಿ? ಕಾಗದದ ಮೇಲೆ ಬಂದರೆ ನಾಲ್ಕು ಜನ ಕೂತು ಓದಬಹುದು, ಅನುವಾದವನ್ನು ತಾಳೆ ನೋಡಬಹುದು, ಒಂದು ಗಳಿಗೆ ಉಸಿರು ತೆಗೆದುಕೊಂಡು ಉತ್ತರ ಬರೆಯಬಹುದು. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಜಾಣತನ ಇರುವುದೇ ಇಲ್ಲಿ. ಸೈಕಲ್ ಹುಡುಗನಿಗಿಂತ ಬೇಗ ತಲುಪಬೇಕು, ಆದರೆ ನಾಲಗೆಯಷ್ಟು ಬೇಗ ಅಲ್ಲ. ಎದುರುಬದುರು ಮಾತಿನ ಫಲವನ್ನು ಇದೇ ಇಬ್ಬರು ಅದಾಗಲೇ ಉಂಡಿದ್ದರು ಎಂಬುದನ್ನು ಮರೆಯಬೇಡಿ. 1961ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಎರಡು ದಿನ ಮಾತಾಡಿ ಕೆನಡಿ ಕಂಗೆಟ್ಟು ಹೊರಬಂದರು, ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು.

ಯಂತ್ರದ ಏರ್ಪಾಡು ಸ್ವಾರಸ್ಯವಾಗಿದೆ. ಅಮೆರಿಕ ಇಂಗ್ಲಿಷ್ ಅಕ್ಷರಗಳ ಟೆಲಿಪ್ರಿಂಟರ್‌ಗಳನ್ನು ಮಾಸ್ಕೊಗೆ ಕಳಿಸಿತು, ಸೋವಿಯತ್ ಒಕ್ಕೂಟ ಪೂರ್ವ ಜರ್ಮನಿಯಲ್ಲಿ ತಯಾರಾದ ರಷ್ಯನ್ ಲಿಪಿಯ ಯಂತ್ರಗಳನ್ನು ವಾಷಿಂಗ್ಟನ್ನಿಗೆ ಕಳಿಸಿತು. ಯಾರು ಬರೆದರೂ ತಮ್ಮ ಭಾಷೆಯಲ್ಲೇ ಬರೆಯಬೇಕು, ಅನುವಾದ ಓದುವವರ ಹೊಣೆ. ತಂತಿ ವಾಷಿಂಗ್ಟನ್ನಿನಿಂದ ಅಟ್ಲಾಂಟಿಕ್ ದಾಟಿ ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಮೇಲೆ ಹಾದು ಮಾಸ್ಕೊ ಸೇರುತ್ತಿತ್ತು. ಅದು ಕೈಕೊಟ್ಟರೆ ಮೊರಾಕ್ಕೊದ ಟ್ಯಾಂಜಿಯರ್ ಮೂಲಕ ರೇಡಿಯೊ ಸಂಪರ್ಕ. ತಂತಿ ಕೈಕೊಡುವುದೂ ಇತ್ತು. ಫಿನ್‌ಲೆಂಡಿನಲ್ಲಿ ಒಮ್ಮೆ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿ ತುಂಡಾಗಿತ್ತು. ಜಗತ್ತಿನ ಎರಡು ಮಹಾಶಕ್ತಿಗಳ ನಡುವಿನ ಎಳೆಯನ್ನು ಕತ್ತರಿಸಿದ್ದು ತಾನು ಎಂದು ಆ ಪುಣ್ಯಾತ್ಮನಿಗೆ ಗೊತ್ತಾಗಿತ್ತೋ ಇಲ್ಲವೋ.

ಇಷ್ಟು ದೇಶಗಳ ಮೇಲೆ ಹಾದುಹೋಗುವ ಸಂದೇಶವನ್ನು ಬೇರೆಯವರು ಕದ್ದು ಓದದಂತೆ ಮಾಡುವುದು ಹೇಗೆ? ತಮ್ಮ ಗೂಢಲಿಪಿಯ ಗುಟ್ಟನ್ನು ವೈರಿಗೆ ಕೊಡಲು ಇಬ್ಬರೂ ತಯಾರಿರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ನಾರ್ವೆಯ ಯಂತ್ರವೊಂದನ್ನು ಇಬ್ಬರೂ ತಂದುಕೊಂಡರು. ಗೊತ್ತುಗುರಿಯಿಲ್ಲದೆ ರಂಧ್ರ ಕೊರೆದ ಕಾಗದದ ಸುರುಳಿ ಅದಕ್ಕೆ ಕೀಲಿ. ಸಂದೇಶದ ಒಂದೊಂದು ಅಕ್ಷರವೂ ಸುರುಳಿಯ ಒಂದೊಂದು ಸಾಲಿನ ಜೊತೆ ಬೆರೆತು ಅರ್ಥವಿಲ್ಲದ ಅಕ್ಷರವಾಗಿ ಹೊರಡುತ್ತದೆ. ಆ ತುದಿಯಲ್ಲಿ ಅದೇ ಸುರುಳಿಯ ಇನ್ನೊಂದು ಪ್ರತಿ ಇದ್ದರೆ ಮಾತ್ರ ಮೂಲ ಸಂದೇಶ ಮತ್ತೆ ಮೂಡುತ್ತದೆ. ಒಮ್ಮೆ ಬಳಸಿದ ಸುರುಳಿಯನ್ನು ನಾಶ ಮಾಡಬೇಕು. ಆ ನಿಯಮ ಮುರಿಯದಿದ್ದರೆ ಎಂಥ ಗಣಿತಜ್ಞನಿಗೂ ಅದನ್ನು ಒಡೆಯಲು ಸಾಧ್ಯವಿಲ್ಲ. ಸುರುಳಿಗಳನ್ನು ಆಯಾ ದೇಶದ ರಾಯಭಾರ ಕಚೇರಿಯ ಮೂಲಕ ತಲುಪಿಸುತ್ತಿದ್ದರು.

ಯಂತ್ರ ಸರಿಯಿದೆಯೇ ಎಂದು ಗಂಟೆಗೊಮ್ಮೆ ಪರೀಕ್ಷೆ, ಒಂದು ಗಂಟೆ ಇವರು, ಮರುಗಂಟೆ ಅವರು. ರಾಜಕೀಯದ ವಾಸನೆ ಬರಬಾರದಲ್ಲ? ಅಮೆರಿಕದವರು ಶೇಕ್ಸ್‌ಪಿಯರ್, ಮಾರ್ಕ್ ಟ್ವೇನ್ ಬರಹಗಳ ತುಣುಕುಗಳನ್ನು ಕಳಿಸುತ್ತಿದ್ದರು. ಆ ಕಡೆಯಿಂದ ಚೆಕಾಫ್ ಬರುತ್ತಿದ್ದ.

ಕೆನಡಿಗೆ ಇದನ್ನು ಬಿಕ್ಕಟ್ಟಿನಲ್ಲಿ ಬಳಸುವ ಪ್ರಮೇಯ ಬರಲಿಲ್ಲ. ಸಂಪರ್ಕ ಶುರುವಾಗಿ ಮೂರು ತಿಂಗಳೊಳಗೆ ಅವರ ಹತ್ಯೆಯಾಯಿತು. ಮೊದಲ ನಿಜವಾದ ಬಳಕೆ 1967ರ ಜೂನ್ 5ರಂದು, ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಆರು ದಿನಗಳ ಯುದ್ಧ ಹೊತ್ತಿಕೊಂಡ ಬೆಳಿಗ್ಗೆ. ಸೋವಿಯತ್ ಪ್ರಧಾನಿ ಕೊಸಿಗಿನ್ ಸಂದೇಶ ಕಳಿಸಿದ್ದಾರೆ ಎಂದು ಪೆಂಟಗನ್‌ನಿಂದ ಫೋನ್ ಬಂದಾಗ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾಗೇ ಅಚ್ಚರಿ, ಅದು ಇಲ್ಲಿಗೇಕೆ ಬಂತು ಅಂತ. ಯಂತ್ರ ತಮ್ಮದೇ ಕಟ್ಟಡದಲ್ಲಿ ಇರುವುದೂ, ಅಲ್ಲಿಂದ ಶ್ವೇತಭವನಕ್ಕೆ ಮುಂದುವರಿದ ತಂತಿ ಇಲ್ಲದಿರುವುದೂ ಅವರಿಗೆ ಆಗಲೇ ತಿಳಿದದ್ದು! ಅಧ್ಯಕ್ಷ ಜಾನ್ಸನ್ ಉತ್ತರದಲ್ಲಿ ಹೇಗೆ ಸಂಬೋಧಿಸಬೇಕೆಂದು ಅಮೆರಿಕದ ಆಪರೇಟರ್‌ಗಳು ಮಾಸ್ಕೊದ ಆಪರೇಟರ್‌ಗಳನ್ನೇ ಕೇಳಿದರಂತೆ. ‘ಕಾಮ್ರೇಡ್ ಕೊಸಿಗಿನ್’ ಎಂದು ಅವರು ಹೇಳಿದರು, ಇವರು ಹಾಗೇ ಬರೆದರು. ಬಂಡವಾಳಶಾಹಿ ದೇಶದ ಅಧ್ಯಕ್ಷ ತಮ್ಮನ್ನು ಕಾಮ್ರೇಡ್ ಎಂದದ್ದು ಗೇಲಿಯೋ ಏನೋ ಎಂದು ಮಾಸ್ಕೊದವರು ತಬ್ಬಿಬ್ಬಾದರು ಎಂಬ ಕಥೆ ರಾಜತಾಂತ್ರಿಕರ ನಡುವೆ ಬಹುಕಾಲ ಓಡಾಡಿತು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಗುವುದು ಅದೇ ಯುದ್ಧದಲ್ಲಿ, ಜೂನ್ 8ರಂದು. ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಅಮೆರಿಕದ ‘ಲಿಬರ್ಟಿ’ ಹಡಗಿನ ಮೇಲೆ ಇಸ್ರೇಲ್ ದಾಳಿ ಮಾಡಿ 34 ಜನ ಸತ್ತರು. ಅಮೆರಿಕದ ಯುದ್ಧವಿಮಾನಗಳು ಆ ಕಡೆ ಹಾರಿದವು. ರಾಡಾರಿನಲ್ಲಿ ಅವನ್ನು ಕಂಡ ಸೋವಿಯತ್ ನೌಕಾಪಡೆ, ಇವರು ಈಜಿಪ್ಟ್ ಮೇಲೆ ಬೀಳಲು ಹೊರಟಿದ್ದಾರೆ ಎಂದುಕೊಂಡಿದ್ದರೆ? ಜಾನ್ಸನ್ ಕೂಡಲೇ ಟೆಲಿಪ್ರಿಂಟರ್ ಮೂಲಕ, ವಿಮಾನಗಳು ಹೋಗುತ್ತಿರುವುದು ನಮ್ಮ ಹಡಗಿಗಾಗಿ, ಬೇರೇನಕ್ಕೂ ಅಲ್ಲ ಎಂದು ತಿಳಿಸಿದರು. ಕೊಸಿಗಿನ್ ಅದನ್ನು ಈಜಿಪ್ಟಿನ ಅಧ್ಯಕ್ಷ ನಾಸರ್‌ಗೆ ಮುಟ್ಟಿಸಿದರು. ಯಂತ್ರದ ಸಾರ್ಥಕ್ಯ ಇಷ್ಟೇ, ಇದು ಸಣ್ಣದೇನಲ್ಲ. ಹಾಗೆಂದು ಅದು ಶಾಂತಿದೂತ ಅಂದುಕೊಳ್ಳಬೇಡಿ. ಎರಡೇ ದಿನದ ಮೇಲೆ, ಇಸ್ರೇಲ್ ಸಿರಿಯಾದೊಳಗೆ ನುಗ್ಗುವುದನ್ನು ನಿಲ್ಲಿಸದಿದ್ದರೆ ನಾವು ಸೇನಾ ಕ್ರಮಕ್ಕೂ ಹಿಂಜರಿಯುವುದಿಲ್ಲ ಎಂಬ ಕೊಸಿಗಿನ್ ಬೆದರಿಕೆ ಅದೇ ಯಂತ್ರದಲ್ಲಿ ಬಂತು. ಜಾನ್ಸನ್ ತಮ್ಮ ಆರನೇ ನೌಕಾಪಡೆಯನ್ನು ಸಿರಿಯಾ ತೀರದತ್ತ ತಿರುಗಿಸಿದರು.

ಭಾರತದ ಪಾಲಿಗೂ ಈ ಯಂತ್ರ ಒಮ್ಮೆ ಸದ್ದು ಮಾಡಿದೆ. 1971ರ ಬಾಂಗ್ಲಾ ಯುದ್ಧದ ವೇಳೆ, ಡಿಸೆಂಬರ್ 12ರಂದು, ನಮ್ಮ ಸೇನೆ ಢಾಕಾದತ್ತ ನುಗ್ಗುತ್ತಿದ್ದಾಗ, ಅಧ್ಯಕ್ಷ ನಿಕ್ಸನ್ ಇದೇ ಸಂಪರ್ಕದಲ್ಲಿ ಸೋವಿಯತ್ ನಾಯಕ ಬ್ರೆಜ್ನೇವ್‌ಗೆ ತುರ್ತು ಸಂದೇಶ ಕಳಿಸಿದರು, ಇನ್ನು ಕಾಯಲು ಸಮಯವಿಲ್ಲ ಎಂದು ಒತ್ತಿ ಹೇಳುತ್ತ. ಆಗಸ್ಟ್‌ನಲ್ಲಷ್ಟೇ ಮಾಸ್ಕೊ ಜೊತೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದ್ದ ಭಾರತವನ್ನು ಮಾಸ್ಕೊದಿಂದಲೇ ತಡೆಸುವ ಲೆಕ್ಕಾಚಾರ ಅದು. ಅಮೆರಿಕದ ‘ಎಂಟರ್‌ಪ್ರೈಸ್’ ವಿಮಾನವಾಹಕ ಹಡಗು ಬಂಗಾಳ ಕೊಲ್ಲಿಯತ್ತ ಹೊರಟದ್ದೂ ಆಗಲೇ. ನಾಲ್ಕು ದಿನದಲ್ಲಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ಶರಣಾಯಿತು, ಸಂದೇಶಕ್ಕೆ ಅರ್ಥ ಉಳಿಯಲಿಲ್ಲ.

1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಅಧ್ಯಕ್ಷ ಕಾರ್ಟರ್ ಕೂಡ ಇದೇ ದಾರಿಯಲ್ಲಿ ಖಂಡಿಸಿ ಬರೆದರು. ಬಂದ ಉತ್ತರದಿಂದ ಅವರ ಸಿಟ್ಟು ಇನ್ನಷ್ಟು ಏರಿತು. 1983ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಉಪಗ್ರಹಗಳು ಸುಳ್ಳು ಎಚ್ಚರಿಕೆ ಕೊಟ್ಟಾಗಲಂತೂ ಈ ಸಂಪರ್ಕಕ್ಕೆ ಕೆಲಸವೇ ಇರಲಿಲ್ಲ. ಅಂದು ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಎಂಬ ಅಧಿಕಾರಿ, ಯುದ್ಧ ಹೂಡುವವರು ಬೆರಳೆಣಿಕೆಯ ಕ್ಷಿಪಣಿ ಬಿಡುವುದಿಲ್ಲ ಎಂದು ತರ್ಕಿಸಿ, ಇದು ಯಂತ್ರದ ದೋಷ ಎಂದು ಮೇಲಿನವರಿಗೆ ವರದಿ ಮಾಡಿದ. ಆ ರಾತ್ರಿ ಉಳಿಸಿದ್ದು ಒಬ್ಬ ಮನುಷ್ಯನ ಸಂಶಯ. ನೇರ ಸಂಪರ್ಕ ಅಪಾರ್ಥವನ್ನು ತಡೆಯಬಲ್ಲದು, ದುರುದ್ದೇಶವನ್ನು ತಡೆಯಲಾರದು. ಅಪಾರ್ಥದಿಂದ ಆಗಬಹುದಾಗಿದ್ದ ಯುದ್ಧವನ್ನು ಒಂದೆರಡು ಸಲ ದೂರವಿಟ್ಟಿತು ಎನ್ನಬಹುದು.

ಟೆಲಿಪ್ರಿಂಟರ್‌ಗಳ ಜಾಗಕ್ಕೆ 1980ರ ದಶಕದಲ್ಲಿ ಫ್ಯಾಕ್ಸ್ ಬಂತು, ಈ ಶತಮಾನದಲ್ಲಿ ಇಮೇಲ್. ನೀವು ಕೇಳಿದಂಥ, ನಿಜವಾಗಿಯೂ ಮಾತಾಡುವ ಫೋನ್ ಬೇಕೆಂದರೆ ಅಮೆರಿಕದ ತನಕ ಹೋಗಬೇಕಿಲ್ಲ. ಇನ್ನೆರಡು ಅಣ್ವಸ್ತ್ರ ದೇಶಗಳಾದ ಭಾರತ ಮತ್ತು ಪಾಕಿಸ್ತಾನಗಳ ಸೇನಾ ಕಾರ್ಯಾಚರಣೆ ಮಹಾನಿರ್ದೇಶಕರ, ಅಂದರೆ ಡಿಜಿಎಂಒಗಳ ನಡುವೆ ಅಂಥ ಹಾಟ್‌ಲೈನ್ ಇದೆ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ ಭಾರತದ ಡಿಜಿಎಂಒಗೆ ಕರೆ ಮಾಡಿದರು. ಸಂಜೆ 5 ಗಂಟೆಯಿಂದ ಗುಂಡಿನ ದಾಳಿ ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದ್ದು ಆ ಕರೆಯಲ್ಲಿ.