ಜೋಳದ ಹೆಸರಿನಲ್ಲಿರುವ ಸಮಾಸ

ಹಿಂಗಾರಿನ ದಿನಗಳಲ್ಲಿ ಬೈಲಹೊಂಗಲದಿಂದ ಸವದತ್ತಿಯ ಮಾರ್ಗವಾಗಿ ರಾಮದುರ್ಗಕ್ಕೆ ಪಯಣ ಮಾಡುವವರಿಗೆ ಎರೆಯ ಹೊಲಗಳಲ್ಲಿ ಆಳೆತ್ತರಕ್ಕೆ ನಿಂತ ಬಿಳಿಜೋಳವು ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ‘ಸೋರ್ಗಮ್ ಬೈಕಲರ್’. ಎಂದರೆ ‘ಎರಡು ಬಣ್ಣದ ಜೋಳ’. ಕಾಳು ನೋಡಿದರೆ ಒಂದೇ ಬಣ್ಣದ್ದು! ಈ ತೊಡಕನ್ನು ಕಡೆಯಲ್ಲಿ ಬಿಡಿಸೋಣ. ಮೊದಲು ಪದವನ್ನು ಬಿಡಿಸುವ.

ಲ್ಯಾಟಿನ್ನಿನಲ್ಲಿ ಇದರ ಉಚ್ಚಾರ ‘ಬಿಕೊಲೊರ್’. ‘ಕೊಲೊರ್’ ಎಂದರೆ ಬಣ್ಣ. ‘ಬಿ’ ಎಂಬುದು ‘ಎರಡು ಸಲ’ ಎಂಬರ್ಥದ ‘ಬಿಸ್’ ಶಬ್ದಕ್ಕೆ ಸಂಬಂಧಿಸಿದುದು. ಅದರ ಪ್ರಾಚೀನ ರೂಪ ‘ದ್ವಿಸ್’. ಪದದ ಆದಿಯ ‘ದ್ವ’ಕಾರವು ಲ್ಯಾಟಿನ್ನಿನಲ್ಲಿ ‘ಬ’ಕಾರವಾಯಿತು, ಸಂಸ್ಕೃತದಲ್ಲಿ ‘ದ್ವಿ’ ಎಂದೇ ಉಳಿಯಿತು. ಎರಡು ಕಾಲುಗಳುಳ್ಳ ಪ್ರಾಣಿಗೆ ಸಂಸ್ಕೃತದಲ್ಲಿ ‘ದ್ವಿಪಾತ್’, ಲ್ಯಾಟಿನ್ನಿನಲ್ಲಿ ‘ಬಿಪೇಸ್’. ಇವು ಒಂದೇ ತಾಯಿಯ ಮಕ್ಕಳು.

ಸಂಖ್ಯೆಯು ಮೊದಲು ಬಂದಿದೆಯೆಂದು ಇದನ್ನು ದ್ವಿಗು ಎನ್ನಲು ಅವಸರಪಡಬಾರದು. ಇದರ ಅರ್ಥ ‘ಎರಡು ಬಣ್ಣಗಳು’ ಎಂದಲ್ಲ, ‘ಎರಡು ಬಣ್ಣಗಳುಳ್ಳದ್ದು’ ಎಂದು. ‘ಮುಕ್ಕಣ್ಣ’ ಎಂದಾಗ ಮೂರೂ ಕಣ್ಣೂ ಹಿಂದೆ ಸರಿದು ಶಿವನು ಮುಂದೆ ಬರುವಂತೆ, ಇಲ್ಲಿಯೂ ಅನ್ಯಪದವಾದ ಜೋಳವೇ ಪ್ರಧಾನ. ಆದುದರಿಂದ ಇದು ಬಹುವ್ರೀಹಿ.

ಲ್ಯಾಟಿನ್ನಿನ ಗುಣವಾಚಕವು ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ಕಿತ್ತೂರಿನ ಕಡೆಯ ಭತ್ತ ‘ಒರೈಜಾ ಸಟೈವಾ’, ಸ್ತ್ರೀಲಿಂಗ. ಜೋಳದೊಡನೆ ಅಕ್ಕಡಿಯಾಗಿ ಬಿತ್ತುವ ಕುಸುಬೆ ‘ಕಾರ್ತಮಸ್ ಟಿಂಕ್ಟೋರಿಯಸ್’, ಪುಲ್ಲಿಂಗ. ಕಡಲೆ ‘ಸೈಸರ್ ಅರೈಟಿನಮ್’, ನಪುಂಸಕಲಿಂಗ. ಹಾಗಾದರೆ ನಪುಂಸಕವಾದ ‘ಸೋರ್ಗಮ್’ ಶಬ್ದದ ಮುಂದೆ ‘ಬೈಕಲರಮ್’ ಎಂದಾಗಬೇಡವೆ? ಬೇಡ. ಈ ಪದಕ್ಕೆ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಗಳಿಗೂ ಒಂದೇ ರೂಪ. ಜೋಳದ ಇತಿಹಾಸವೇ ಇದಕ್ಕೆ ಸಾಕ್ಷಿ. ಸ್ವೀಡನ್ನಿನ ಲಿನೀಯಸ್ 1771ರಲ್ಲಿ ಇದನ್ನು ‘ಹೋಲ್ಕಸ್ ಬೈಕಲರ್’ ಎಂದು ಕರೆದಿದ್ದನು, ‘ಹೋಲ್ಕಸ್’ ಪುಲ್ಲಿಂಗ. ಜರ್ಮನಿಯ ಮೋಂಖ್ 1794ರಲ್ಲಿ ಇದನ್ನು ‘ಸೋರ್ಗಮ್’ ಜಾತಿಗೆ ಸೇರಿಸಿದನು. ಅದೇ ವರ್ಗಾವಣೆಯಲ್ಲಿ ‘ಹೋಲ್ಕಸ್ ಸ್ಯಾಕರೇಟಸ್’ ಎಂಬುದು ‘ಸೋರ್ಗಮ್ ಸ್ಯಾಕರೇಟಮ್’ ಎಂದು ಬಾಲ ಬದಲಿಸಿತು; ‘ಬೈಕಲರ್’ ಇದ್ದಂತೆಯೇ ಇದ್ದಿತು. ಷಷ್ಠಿಯಲ್ಲಿ ಮಾತ್ರ ಅದು ‘ಬಿಕೊಲೊರಿಸ್’ ಆಗುತ್ತದೆ.

ಇನ್ನು ಬಣ್ಣದ ತೊಡಕು. ಈ ಒಂದೇ ಪ್ರಭೇದದಲ್ಲಿ ಬಿಳಿ, ಕೆಂಪು, ಹಳದಿ ಕಾಳಿನ ತಳಿಗಳೆಲ್ಲ ಅಡಕವಾಗಿವೆ. ಅರ್ಥವು ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಸಸ್ಯದ ಹೆಸರನ್ನು ಬದಲಿಸಲು ನಾಮಕರಣದ ಅಂತರರಾಷ್ಟ್ರೀಯ ನಿಯಮಗಳು ಒಪ್ಪುವುದಿಲ್ಲ. ಕರಿಯನಿಗೆ ಬಿಳಿಯಪ್ಪನೆಂದು ಹೆಸರಿಟ್ಟರೂ ಕೂಗಿದಾಗ ಓಗೊಡುವವನು ಅವನೇ ಅಲ್ಲವೆ?