ಒಂಟಿ ಸೈಕಲ್ ಸವಾರನ ಒಂದು ದಿನ: ಶರೀರದ ಜಮಾ-ಖರ್ಚು

ಡೊಂಬಿವಲಿಯಿಂದ ಕಲ್ಯಾಣ, ಮುರಬಾಡ್ ಮಾರ್ಗವಾಗಿ ಮಾಳಶೇಜ್ ಘಾಟಿನ ನೆತ್ತಿಗೆ ಸುಮಾರು 90 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವನಿಗೆ ಅದು ಎರಡು ತೂಕಡಿಕೆಗಳ ದೂರ. ಅದೇ ದಾರಿಯನ್ನು ಸೈಕಲಿನ ಮೇಲೆ, ಬಟ್ಟೆಬರೆಯ ಚೀಲಗಳೊಡನೆ, ಒಬ್ಬನೇ ಕ್ರಮಿಸುವವನ ಶರೀರದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ವ್ಯವಹಾರವೇ ಬೇರೆ. ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ಕಚೇರಿಯಲ್ಲಿ ದಿನವಿಡೀ ಕುಳಿತು ದುಡಿಯುವ ಮಧ್ಯವಯಸ್ಕರಿಗೆ ಈ ಹವ್ಯಾಸ ಹಿಡಿಸಿದರೆ ಸಂತೋಷವೇ. ಆದರೆ ಲೆಕ್ಕ ತಿಳಿಯದೆ ಹೊರಡಬಾರದು.

ಈ ಹವ್ಯಾಸ ಮುಂಬಯಿಗೆ ಹೊಸತೂ ಅಲ್ಲ. 1923ರ ಅಕ್ಟೋಬರಿನಲ್ಲಿ ಆರು ಮಂದಿ ಪಾರಸಿ ತರುಣರು ಇಲ್ಲಿಂದ ಸೈಕಲಿನಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರ ಮಾರ್ಚಿಯಲ್ಲಿ ಮರಳಿದರು. ಅವರಿಗೆ ಗೇರುಗಳಿರಲಿಲ್ಲ, ಪರಸ್ಪರರ ಮುಖ ನೋಡುವ ಸೌಲಭ್ಯವಿತ್ತು. ಒಂಟಿ ಸವಾರನಿಗೆ ಇಲ್ಲದಿರುವುದು ಇದೇ.

ಬೆಳಗ್ಗೆ ಐದಕ್ಕೆ ಹೊರಟವನು ಶಹಾಡ್ ದಾಟಿ, ರಾಯತೆಯಲ್ಲಿ ಉಲ್ಹಾಸ ನದಿಯನ್ನು ಹಾಯುವಾಗ ಚಳಿಗಾಲವಾದರೆ ಹಿತವಾದ ತಂಪು. ಹಸಿವಿಲ್ಲ, ದಣಿವಿಲ್ಲ. ಮೋಸ ಹೋಗುವುದು ಇಲ್ಲಿಯೇ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶರ್ಕರದ ಠೇವಣಿ ಸುಮಾರು 400ರಿಂದ 500 ಗ್ರಾಂ. ಅಂದರೆ ಎರಡು ಸಾವಿರ ಕ್ಯಾಲೊರಿಯ ಒಳಗೆ. ಸಾಧಾರಣ ವೇಗದಲ್ಲಿ ತುಳಿಯುವವನಿಗೆ ಗಂಟೆಗೆ 400–500 ಕ್ಯಾಲೊರಿ ಬೇಕು. ಕೊಬ್ಬು ಒಂದು ಪಾಲನ್ನು ಹೊತ್ತರೂ, ಹಸಿವಾಗುವ ತನಕ ಕಾದವನ ಠೇವಣಿ ಮಧ್ಯಾಹ್ನಕ್ಕೆ ಮೊದಲೇ ತಳ ಕಾಣುತ್ತದೆ. ಕಾಲು ನಡುಗುವುದು, ಕಾರಣವಿಲ್ಲದ ಸಿಟ್ಟು, ತಣ್ಣನೆಯ ಬೆವರು ಅದರ ಸೂಚನೆಗಳು. ಆದಕಾರಣ ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆ ಚಿಕ್ಕಿಯೋ ಬಾಯಿಗೆ ಬೀಳಬೇಕು. ಮುರಬಾಡಿನಲ್ಲಿ ಬಿಸಿ ವಡಾಪಾವ್ ಕರೆಯುತ್ತದೆ. ಒಂದು ತಿಂದರೆ ಅಪರಾಧವಲ್ಲ, ನಾಲ್ಕು ತಿಂದವನು ಘಾಟಿಯಲ್ಲಿ ಪಶ್ಚಾತ್ತಾಪ ಪಡುತ್ತಾನೆ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ತುಳಿಯಲು ವ್ಯಯವಾದ ಶಕ್ತಿಯಲ್ಲಿ ಚಕ್ರಕ್ಕೆ ದೊರೆಯುವುದು ಕಾಲು ಭಾಗ ಮಾತ್ರ, ಉಳಿದುದೆಲ್ಲ ಉಷ್ಣವಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆರಿದರೆ ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಆದರೆ ಕೊಲ್ಲಿಯ ಸಮೀಪದ ತೇವದ ಹವೆಯಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರೂ ಉಪ್ಪೂ ನಷ್ಟ, ತಂಪು ಶೂನ್ಯ. ಪರಿಹಾರವೆಂದು ಬರಿಯ ನೀರನ್ನೇ ಬಾಟಲಿಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುವ ಅಪಾಯವುಂಟು. ಬಾಯಾರಿಕೆಗೆ ತಕ್ಕಂತೆ ಆಗಾಗ ಗುಟುಕರಿಸುವುದು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಇಲ್ಲವೆ ಕೋಕಂ ಶರಬತ್ತು ಸೇವಿಸುವುದು ಉಚಿತ. ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿದ ಪಾನಕವೂ ಆದೀತು.

ಟೋಕಾವಡೆ ಕಳೆದ ಮೇಲೆ ಸಹ್ಯಾದ್ರಿ ಎದುರಿಗೆ ಗೋಡೆಯಂತೆ ನಿಲ್ಲುತ್ತದೆ. ಸವಾರ 70 ಕಿಲೋ, ಸೈಕಲೂ ಸಾಮಾನೂ 15 ಕಿಲೋ ಎಂದಿಟ್ಟುಕೊಳ್ಳೋಣ. ಕಲ್ಯಾಣದ ತಗ್ಗಿನಿಂದ ಈ ಭಾರವನ್ನು ಸುಮಾರು 700 ಮೀಟರ್ ಎತ್ತರಕ್ಕೆ ಎತ್ತುವುದಕ್ಕೆ, ಮೇಲೆ ಹೇಳಿದ ಕಾಲು ಭಾಗದ ಲೆಕ್ಕದಲ್ಲಿ, 550 ಕ್ಯಾಲೊರಿಗೂ ತುಸು ಹೆಚ್ಚು ಆಹಾರ ಬೇಕು. ಐದಾರು ಬಾಳೆಹಣ್ಣು, ಅಷ್ಟೆ! ಹಾಗಾದರೆ ಘಾಟಿ ಏಕೆ ಕೊಲ್ಲುತ್ತದೆ? ಮೊತ್ತದಿಂದಲ್ಲ, ಅವಸರದಿಂದ. ಭಾರದ ಗೇರಿನಲ್ಲಿ ಒತ್ತಿ ತುಳಿದರೆ ಮಂಡಿಗೆ ಏಟು, ಹೃದಯಕ್ಕೆ ಹೊರೆ. ಹಗುರ ಗೇರಿನಲ್ಲಿ, ಎರಡು ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಏರಬೇಕು. ಇಳಿದು ತಳ್ಳಿಕೊಂಡು ಹೋದರೆ ಮಾನವೇನೂ ಹೋಗದು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಕಲ್ಲುಮಣ್ಣು ಕುಸಿಯುವುದುಂಟು. ಆಗ ಒಂಟಿ ಸವಾರಿ ಬೇಡವೇ ಬೇಡ.

ಬಿಸಿಲಿನ ಆಘಾತವಾಗಲಿ, ಶರ್ಕರದ ಅಭಾವವಾಗಲಿ ಮೊದಲು ಕೆಡಿಸುವುದು ವಿವೇಕವನ್ನು. ಜೊತೆಗಾರನಿದ್ದರೆ, 'ಏನೋ, ಮಾತು ತೊದಲುತ್ತಿದೆಯಲ್ಲ' ಎಂದು ತಡೆದಾನು. ಒಬ್ಬನೇ ಇದ್ದವನಿಗೆ ತನ್ನ ಬುದ್ಧಿ ಮಂಕಾದುದು ಆ ಮಂಕುಬುದ್ಧಿಗೇ ಗೋಚರಿಸಬೇಕು! ಆದುದರಿಂದ ಎರಡು ಗಂಟೆಗೊಮ್ಮೆ ಮನೆಗೆ ದೂರವಾಣಿ ಮಾಡುವ ನಿಯಮವಿರಲಿ. 'ಊಟವಾಯಿತೇ' ಎಂದು ಮಾತ್ರ ಕೇಳದೆ, ಎಲ್ಲಿದ್ದಾರೆ, ಮುಂದಿನ ಊರು ಯಾವುದು, ಎಷ್ಟು ನೀರು ಉಳಿದಿದೆ ಎಂದು ಮನೆಯವರು ವಿಚಾರಿಸಲಿ. ಉತ್ತರ ತಡವರಿಸಿದರೆ ನೆರಳಿಗೆ ಸರಿದು ಮೈಗೆ ನೀರು ಹಾಕಿಕೊಂಡು ಕುಳಿತಿರುವಂತೆ ತಾಕೀತು ಮಾಡಲಿ. ಘಾಟಿಯಲ್ಲಿ ದೂರವಾಣಿ ಕೈಕೊಡಬಹುದು. ಅದಕ್ಕೆ ಮೊದಲೇ ತಿಳಿಸಿ ಏರುವುದು ಲೇಸು.

ನಲವತ್ತು ದಾಟಿದವರು, ಅದರಲ್ಲಿಯೂ ರಕ್ತದೊತ್ತಡ, ಮಧುಮೇಹ ಇದ್ದವರು, ವೈದ್ಯರ ಪರೀಕ್ಷೆಯಿಲ್ಲದೆ ಹೊರಡತಕ್ಕದ್ದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶ್ರಮದಿಂದಲೇ ಸಕ್ಕರೆ ಕುಸಿಯುತ್ತದೆ, ರಾತ್ರಿ ನಿದ್ರೆಯಲ್ಲಿ ಕೂಡ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು ಕಂಡರೆ ಅದನ್ನು ವಾಯುವೆಂದು ಸಮಾಧಾನ ಹೇಳಿಕೊಳ್ಳದೆ ಅಲ್ಲಿಯೇ ನಿಂತು 108ಕ್ಕೆ ಕರೆ ಮಾಡಬೇಕು. ಕಿರುಬೆರಳು, ಉಂಗುರಬೆರಳುಗಳ ಜೋಮು ಮಾತ್ರ ಹೆದರುವಂಥದಲ್ಲ. ಹಿಡಿಕೆಯ ಮೇಲೆ ಅಂಗೈ ಊರಿ ನರ ಒತ್ತಿರುತ್ತದೆ, ಹಿಡಿತ ಬದಲಿಸಿದರಾಯಿತು.

ಸಂಜೆ ಬಿಡಾರ ಸೇರಿದ ಮೇಲೆ ಅನ್ನ, ಬೇಳೆ, ಮೊಸರಿನ ಊಟ ತಡಮಾಡದೆ ಆಗಲಿ. ಮೂತ್ರದ ಬಣ್ಣ ಕಡುಹಳದಿಯಾಗಿದ್ದರೆ ನೀರಿನ ಬಾಕಿ ಇನ್ನೂ ತೀರಿಲ್ಲ. ಮರುದಿನ ಎದ್ದೊಡನೆ, ಹಾಸಿಗೆಯಲ್ಲಿಯೇ, ನಾಡಿ ಎಣಿಸಬೇಕು. ಎಂದಿಗಿಂತ ಹತ್ತು ಬಡಿತ ಹೆಚ್ಚಿದ್ದರೆ ಆ ದಿನ ಸೈಕಲು ಗೋಡೆಗೆ ಒರಗಿಕೊಂಡೇ ಇರಲಿ.