ಮೂರ್ಛೆರೋಗದ ರೀಲ್ಸ್: ನಂಬುವ ಮುನ್ನ, ಚಿತ್ರೀಕರಿಸುವ ಮುನ್ನ

ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆ ಏಕಾಏಕಿ ಅಂಕೆ ಮೀರಿ ಪದೇ ಪದೇ ಸೆಳವು ಬರುವ ಸ್ಥಿತಿಯನ್ನು ವೈದ್ಯಶಾಸ್ತ್ರ ಅಪಸ್ಮಾರ ಎಂದು ಕರೆಯುತ್ತದೆ. ಸೊರಬ, ಶಿಕಾರಿಪುರದ ಜನರ ಮಾತಿನಲ್ಲಿ ಅದು ಮೂರ್ಛೆರೋಗ ಅಥವಾ ಫಿಟ್ಸ್. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರದ ಸುಮಾರು 1 ಲಕ್ಷ ಜನರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯು 1,000 ಮಂದಿಗೆ ಸುಮಾರು 9 ಜನರಲ್ಲಿ ಈ ಕಾಯಿಲೆ ಇರುವುದನ್ನೂ, ಹಳ್ಳಿಗಳಲ್ಲಿ ಅದರ ಪ್ರಮಾಣ ನಗರದ ಎರಡರಷ್ಟಿರುವುದನ್ನೂ ತೋರಿಸಿತು.

ಈ ಕಾಯಿಲೆಯ ಕುರಿತ ರೀಲ್ಸ್ ನೋಡುವಾಗ ಮೊದಲು ಗಮನಿಸಬೇಕಾದದ್ದು ಅದರಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು. ನೆಲಕ್ಕೆ ಬಿದ್ದು ಒದ್ದಾಡುವ ದೇಹ ಮತ್ತು ಬಾಯಿಯ ನೊರೆ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುತ್ತವೆ. ಆದರೆ ಮಾತಿನ ನಡುವೆ ಕೆಲವು ಕ್ಷಣ ಕಣ್ಣು ನೆಟ್ಟು ನಿಲ್ಲುವ ಮಗುವಾಗಲಿ, ಅರಿವಿಲ್ಲದೆ ತುಟಿ ಚಪ್ಪರಿಸುವ ಹಿರಿಯರಾಗಲಿ ಸೆಳವಿಗೆ ಒಳಗಾಗಿದ್ದಾರೆಂದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ತಲೆಗೆ ಬಿಸಿನೀರು ಹೊಯ್ದಾಗ ಬರುವ ಸೆಳವಂತೂ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದ್ದು, ಡಾ. ಕೆ. ಎಸ್. ಮಣಿ ಮೊದಲಾದ ತಜ್ಞರು ಅದನ್ನು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಹಂಡೆಯ ಸುಡುನೀರನ್ನು ತಂಬಿಗೆ ತಂಬಿಗೆಯಾಗಿ ತಲೆಗೆ ಸುರಿದುಕೊಳ್ಳುವ ಮಲೆನಾಡಿನ ಬಚ್ಚಲುಮನೆಗಳಲ್ಲಿ ಮಗು ಹೀಗೆ ಕುಸಿದರೆ ಅದನ್ನು ಗಾಳಿಸೋಕು ಎನ್ನದೆ, ತಲೆಸ್ನಾನಕ್ಕೆ ಉಗುರುಬೆಚ್ಚಗಿನ ನೀರನ್ನೇ ಬಳಸಿ, ಬಚ್ಚಲಿನ ಚಿಲಕ ಹಾಕದೆ, ವೈದ್ಯರಿಗೆ ಸ್ನಾನದ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಎರಡನೆಯದಾಗಿ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟೊಡನೆ ಸೆಳವು ನಿಂತಂತೆ ತೋರಿಸುವ ದೃಶ್ಯವನ್ನು ನಂಬಬಾರದು. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ, ಅದರ ಹೆಗ್ಗಳಿಕೆ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ. ಬಾಯಿಗೆ ಚಮಚ ತುರುಕುವುದು, ನೀರು ಹನಿಸುವುದು, ಕೈಕಾಲು ಅದುಮಿ ಹಿಡಿಯುವುದು ಅಪಾಯಕಾರಿ. ಗಡಿಯಾರ ನೋಡಿಕೊಂಡು, ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಒದ್ದಾಟ ತಗ್ಗಿದೊಡನೆ ಮಗ್ಗುಲಿಗೆ ಹೊರಳಿಸಬೇಕು. 5 ನಿಮಿಷ ಮೀರಿದರೆ, ಅರಿವು ಮರಳುವ ಮುನ್ನವೇ ಮತ್ತೆ ಸೆಳವು ಬಂದರೆ ಅಥವಾ ಮೊದಲ ಸಲವೇ ಬಂದಿದ್ದರೆ 108ಕ್ಕೆ ಕರೆ ಮಾಡಬೇಕು.

ಮದುವೆಯ ನಂತರ ಕಾಯಿಲೆ ಬಯಲಾಗುವ ಕಥೆಯ ವಿಡಿಯೊಗಳು ಮಾಡುವ ಹಾನಿ ದೊಡ್ಡದು. ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಇನ್ನು ನಾಟಿ ಔಷಧದ ಜಾಹೀರಾತು ನಂಬಿ ಮಾತ್ರೆ ಹಠಾತ್ತನೆ ಬಿಟ್ಟರೆ ನಿಲ್ಲದ ಸೆಳವು ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಸರಿಯಾದ ಚಿಕಿತ್ಸೆ ದೊರೆತರೆ 100ರಲ್ಲಿ 70 ಜನರವರೆಗೆ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊಬೈಲ್ ನಿಜಕ್ಕೂ ನೆರವಾಗುವುದು ವೈದ್ಯರಿಗಾಗಿ ಚಿತ್ರೀಕರಿಸಿದಾಗ. ಒಬ್ಬರು ರೋಗಿಯ ಆರೈಕೆಯಲ್ಲಿರುವಾಗ ಮನೆಯ ಇನ್ನೊಬ್ಬರು ಮುಖ ಮತ್ತು ಇಡೀ ದೇಹ ಕಾಣುವಂತೆ ವಿಡಿಯೊ ಮಾಡಬೇಕು. ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಕತ್ತು ಯಾವ ಕಡೆ ತಿರುಗಿತು, ಸೆಳೆತ ಯಾವ ಕೈಯಿಂದ ಶುರುವಾಯಿತು ಎಂಬುದು ರೋಗನಿರ್ಣಯಕ್ಕೆ ಬಹುಮುಖ್ಯ. ಸೆಳವು ನಿಂತ ಮೇಲೂ ರೆಕಾರ್ಡಿಂಗ್ ನಿಲ್ಲಿಸದೆ ಹೆಸರು ಕೇಳಿ, ಎರಡೂ ಕೈ ಎತ್ತಲು ಹೇಳಿ, ಪ್ರತಿಕ್ರಿಯೆ ದಾಖಲಿಸಬೇಕು. ಆ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ, ದಿನಾಂಕ ಮತ್ತು ಸಮಯ ಬರೆದಿಟ್ಟುಕೊಂಡು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯ ಜೊತೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ನಿಮ್ಹಾನ್ಸ್‌ಗಾಗಲಿ ಒಯ್ದು, ಅಲ್ಲಿನ ವೈದ್ಯರಿಗೆ ಮಾತ್ರ ತೋರಿಸಬೇಕು.